ಕೊರೋನಾದ ನಂತರದ ಹೊಟ್ಟೆ ಮತ್ತು ಲಿವರ್: ಕಾಸರಗೋಡಿನ ಒಂದು ಕ್ಲಿನಿಕ್ಕಿನಲ್ಲಿ ಕಂಡದ್ದು

ಕಾಸರಗೋಡು ಪೇಟೆಯಲ್ಲಿ ಹೆದ್ದಾರಿಯಿಂದ ತುಸು ಒಳಗೆ, ಜೀರ್ಣಾಂಗ ಮತ್ತು ಯಕೃತ್ತಿನ ಕಾಯಿಲೆಗಳನ್ನಷ್ಟೇ ನೋಡುವ ಒಂದು ಸಣ್ಣ ಖಾಸಗಿ ಕ್ಲಿನಿಕ್ ಇದೆ. 2021ರ ಜುಲೈ ತಿಂಗಳಿಂದ ಈವರೆಗೆ ನಾನು ಅಲ್ಲಿಗೆ ಏಳು ಸಲ ಹೋಗಿದ್ದೇನೆ. ನಾಲ್ಕು ಸಲ ನನ್ನ ಹೊಟ್ಟೆಗಾಗಿ, ಎರಡು ಸಲ ಪೆರ್ಲದ ಭಾವನವರನ್ನು ಕರೆದುಕೊಂಡು, ಒಂದು ಸಲ ಹೆಂಡತಿಯ ಜೊತೆಗೆ. ಕೊರೋನಾ ಬಂದು ಹೋದ ಮೇಲೆ ಹೊಟ್ಟೆ ಸರಿಯಿಲ್ಲವೆಂದು ಹೇಳುವವರು ನಮ್ಮ ಬದಿಯಡ್ಕದ ಕಡೆ ಈಗಲೂ ಸಿಗುತ್ತಾರೆ. ಎಲ್ಲಿ ತೋರಿಸಿದಿರಿ, ಹೇಗಿತ್ತು ಎಂದು ಅವರು ನನ್ನನ್ನು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ಕೆಲವು ದೂರುಗಳೂ ಇರುವುದರಿಂದ ಕ್ಲಿನಿಕ್ಕಿನ ಹೆಸರನ್ನು ಬರೆಯುವುದಿಲ್ಲ. ದೂರುಗಳನ್ನು ವೈದ್ಯರಿಗೆ ಎದುರಿನಲ್ಲಿಯೇ ಹೇಳಿಯಾಗಿದೆ.

ಇಂಥ ಕ್ಲಿನಿಕ್ ಕಾಸರಗೋಡಿನಲ್ಲಿಯೇ ಇರುವುದು ಏಕೆ ದೊಡ್ಡ ಮಾತು ಎಂಬುದನ್ನು ಹೊರಗಿನವರಿಗೆ ವಿವರಿಸಬೇಕಾಗುತ್ತದೆ. ನಮಗೆ ತಲೆನೋವಿಗಿಂತ ದೊಡ್ಡದೇನು ಬಂದರೂ ಮಂಗಳೂರಿಗೆ ಹೋಗುವುದು ತಲೆಮಾರುಗಳ ರೂಢಿ. 2020ರ ಮಾರ್ಚ್ ಕೊನೆಯಲ್ಲಿ ನಮ್ಮ ಕೇರಳಕ್ಕೂ ಕರ್ನಾಟಕಕ್ಕೂ ನಡುವಿನ ತಲಪಾಡಿಯ ಗಡಿ ಮುಚ್ಚಿ, ರೋಗಿಗಳಿದ್ದ ಆಂಬುಲೆನ್ಸುಗಳೂ ಹಿಂದಿರುಗಬೇಕಾಗಿ ಬಂದಾಗ, ಆ ರೂಢಿ ಎಷ್ಟು ತೆಳುವಾದ ದಾರದಲ್ಲಿ ತೂಗುತ್ತಿತ್ತೆಂಬುದು ಎಲ್ಲರಿಗೂ ತಿಳಿಯಿತು. ಉಕ್ಕಿನಡ್ಕದಲ್ಲಿ ಇನ್ನೂ ಕಟ್ಟಿ ಮುಗಿಯದಿದ್ದ ಸರಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡವನ್ನು ಆಗ ತರಾತುರಿಯಲ್ಲಿ ಕೊರೋನಾ ಆಸ್ಪತ್ರೆ ಮಾಡಿದರು. ಆದರೆ ಕೊರೋನಾ ವಾಸಿಯಾದ ಮೇಲೆ ಉಳಿದ ಹೊಟ್ಟೆಯ ತೊಂದರೆಗೆ, ಲಿವರಿನ ತೊಂದರೆಗೆ ತಜ್ಞರನ್ನು ಹುಡುಕಿ ಮತ್ತೆ ತಲಪಾಡಿ ದಾಟುವುದೇ ದಾರಿಯೆಂದು ನಾನು ತಿಳಿದಿದ್ದೆ.

ನನ್ನ ಕಾಯಿಲೆಯ ಕಥೆಯನ್ನು ಸ್ವಲ್ಪ ಹೇಳದೆ ಈ ಕ್ಲಿನಿಕ್ಕಿನ ಗುಣವನ್ನು ಹೇಳಲು ಬರುವುದಿಲ್ಲ. 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆ ಊರೊಳಗೆ ಹೊಕ್ಕಿದ್ದ ದಿನಗಳಲ್ಲಿ, ನನಗೆ ಒಂದು ರಾತ್ರಿ ಸಣ್ಣ ಜ್ವರ ಬಂದು ಬೆಳಗಾಗುವಾಗ ಬಿಟ್ಟಿತು. ಮರುದಿನದಿಂದ ಭೇದಿ ಶುರುವಾಯಿತು. ನಾಲ್ಕು ದಿನ, ದಿನಕ್ಕೆ ಐದಾರು ಸಲ ನೀರು ನೀರಾಗಿ ಹೋಯಿತು. ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಕೆಮ್ಮಿಲ್ಲ, ದಮ್ಮಿಲ್ಲ. ಹಲಸಿನ ಹಣ್ಣಿನ ಕಾಲವಾದ್ದರಿಂದ ಮನೆಯವರೆಲ್ಲರೂ ಹಲಸಿನ ಮೇಲೆಯೇ ತಪ್ಪು ಹೊರಿಸಿದರು, ನಾನೂ ಒಪ್ಪಿಕೊಂಡೆ. ಐದನೆಯ ದಿನ ಹೆಂಡತಿಗೆ ಕಾಫಿಯ ಪರಿಮಳ ತಿಳಿಯದಾದಾಗ ಇಬ್ಬರೂ ಹೋಗಿ ಗಂಟಲದ್ರವದ ಪರೀಕ್ಷೆ ಮಾಡಿಸಿದೆವು. ಇಬ್ಬರದೂ ಪಾಸಿಟಿವ್ ಬಂತು.

ಕೊರೋನಾವನ್ನು ನಾವೆಲ್ಲರೂ ಶ್ವಾಸಕೋಶದ ಕಾಯಿಲೆಯೆಂದು ಕಲಿತವರು. ಅದು ಹೊಟ್ಟೆಗೂ ಏಕೆ ತಟ್ಟುತ್ತದೆಂಬುದನ್ನು ಕ್ಲಿನಿಕ್ಕಿನ ವೈದ್ಯರು ನನಗೆ ಮೊದಲ ಭೇಟಿಯಲ್ಲಿ ಸಮಾಧಾನವಾಗಿ ವಿವರಿಸಿದರು. ಈ ವೈರಸ್ಸು ಜೀವಕೋಶದೊಳಗೆ ಹೋಗಲು ಹಿಡಿಯುವ ಚಿಲಕ ಏಸ್-2 ಎಂಬ ಪ್ರೋಟೀನು. ಆ ಪ್ರೋಟೀನು ಶ್ವಾಸಕೋಶದಲ್ಲಿ ಇರುವಂತೆಯೇ ಸಣ್ಣಕರುಳಿನ ಒಳಪದರದಲ್ಲಿಯೂ ಧಾರಾಳವಾಗಿದೆ. ಅಲ್ಲಿ ಅದು ಆಹಾರದಿಂದ ಕೆಲವು ಅಮೈನೋ ಆಮ್ಲಗಳನ್ನು ಹೀರಿಕೊಳ್ಳುವ ವ್ಯವಸ್ಥೆಗೆ ಆಸರೆಯಾಗಿ ನಿಲ್ಲುತ್ತದೆ. ವೈರಸ್ಸು ಅಲ್ಲಿಗೆ ತಲುಪಿದರೆ ಕರುಳು ನೀರನ್ನು, ಪೋಷಕಾಂಶಗಳನ್ನು ಹೀರುವ ಕೆಲಸ ಹದಗೆಡುತ್ತದೆ, ಭೇದಿಯಾಗುತ್ತದೆ. 2020ರ ಜನವರಿಯಲ್ಲಿ ಅಮೆರಿಕದಲ್ಲಿ ಗುರುತಿಸಲಾದ ಮೊದಲ ರೋಗಿಗೂ ವಾಕರಿಕೆ, ವಾಂತಿ, ಭೇದಿ ಇದ್ದವಂತೆ, ಅವನ ಮಲದಲ್ಲಿಯೇ ವೈರಸ್ಸಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎ ಸಿಕ್ಕಿತ್ತಂತೆ. ಗಂಟಲ ಪರೀಕ್ಷೆ ನೆಗೆಟಿವ್ ಆದ ಮೇಲೂ ಕೆಲವರ ಮಲದಲ್ಲಿ ಆ ಗುರುತು ವಾರಗಟ್ಟಲೆ ಉಳಿಯುತ್ತದೆ. ಆದರೆ ಹರಡಬಲ್ಲ ಜೀವಂತ ವೈರಸ್ಸು ಅದರಲ್ಲಿ ಸಿಗುವುದು ಅಪರೂಪ. ನಗರಗಳ ಚರಂಡಿ ನೀರನ್ನು ಪರೀಕ್ಷಿಸಿ ಸೋಂಕಿನ ಏರಿಳಿತವನ್ನು ಅಂದಾಜು ಮಾಡಲು ಸಾಧ್ಯವಾದದ್ದು ಮಲದಲ್ಲಿ ಆ ಗುರುತು ಸಿಗುವುದರಿಂದಲೇ. ನಮ್ಮ ಹಲಸಿನ ಹಣ್ಣು ಹೀಗೆ ದೋಷಮುಕ್ತವಾಯಿತು.

ಮನೆಯಲ್ಲಿಯೇ ಉಳಿದ ಆ ಹದಿನಾಲ್ಕು ದಿನಗಳಲ್ಲಿ ನಾನು ನುಂಗಿದ್ದರ ಪಟ್ಟಿ ಈಗ ನೋಡಿದರೆ ನನಗೇ ನಾಚಿಕೆಯಾಗುತ್ತದೆ. 650 ಮಿಲಿಗ್ರಾಮಿನ ಪ್ಯಾರಾಸಿಟಮಾಲ್ ದಿನಕ್ಕೆ ನಾಲ್ಕು, ಅಜಿತ್ರೊಮೈಸಿನ್ ಐದು ದಿನ, ಅದು ಮುಗಿದ ಮೇಲೆ ಯಾರೋ ವಾಟ್ಸಾಪಿನಲ್ಲಿ ಕಳುಹಿಸಿದ ಚೀಟಿಯಂತೆ ಡಾಕ್ಸಿಸೈಕ್ಲಿನ್ ಮತ್ತು ಐವರ್‌ಮೆಕ್ಟಿನ್, ಸತುವಿನ ಮಾತ್ರೆ, ವಿಟಮಿನ್ ಸಿ. ಇವುಗಳ ಜೊತೆಗೆ ಬೆಳಗ್ಗೆ, ಸಂಜೆ ಅಮೃತಬಳ್ಳಿಯ ಕಷಾಯ. ಮಾತ್ರೆಗಳು ಹದಿನಾಲ್ಕು ದಿನಕ್ಕೆ ನಿಂತವು. ತೋಟದ ಬೇಲಿಯ ಬಳ್ಳಿಗೆ ಖರ್ಚಿಲ್ಲವಲ್ಲ, ಕಷಾಯ ಎರಡು ತಿಂಗಳು ನಡೆಯಿತು.

ಜುಲೈ ಹೊತ್ತಿಗೆ ಭೇದಿ ನಿಂತಿತ್ತು, ಹಸಿವು ಮಾತ್ರ ಬಂದಿರಲಿಲ್ಲ. ಎರಡು ತುತ್ತಿಗೆ ಹೊಟ್ಟೆ ಉಬ್ಬುತ್ತಿತ್ತು, ಮಧ್ಯಾಹ್ನದ ಮೇಲೆ ಎದ್ದು ಕೂರಲಾಗದಷ್ಟು ಆಯಾಸ. ಆಗ ಮನೆಗೇ ಬಂದು ರಕ್ತ ತೆಗೆಯುವ ಒಂದು ಪ್ರಯೋಗಾಲಯದವರ ‘ಕೊರೋನಾ ನಂತರದ ಪೂರ್ಣ ತಪಾಸಣೆ’ ಎಂಬ ಪ್ಯಾಕೇಜಿಗೆ ಹಣ ಕಟ್ಟಿದೆ. ಅರುವತ್ತಕ್ಕೂ ಹೆಚ್ಚು ಪರೀಕ್ಷೆಗಳ ಹನ್ನೆರಡು ಪುಟದ ವರದಿ ಫೋನಿಗೆ ಬಂತು. ಎಸ್‌ಜಿಪಿಟಿ 212, ಎಸ್‌ಜಿಒಟಿ 148 ಎಂಬೆರಡು ಅಂಕೆಗಳು ಕೆಂಪು ಅಕ್ಷರದಲ್ಲಿದ್ದವು. ಲಿವರಿನ ಕೋಶಗಳಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಕಿಣ್ವಗಳಿವು, ಸಾಮಾನ್ಯವಾಗಿ 40ರ ಆಸುಪಾಸಿನೊಳಗೆ ಇರಬೇಕಾದವು. ಇದರ ಅರ್ಥವೇನೆಂದು ಕೇಳಲು ಕರೆ ಮಾಡಿದರೆ, ನಿಮ್ಮ ವೈದ್ಯರನ್ನು ಕಾಣಿ ಎಂಬ ಉತ್ತರವೂ, ಅದರ ಬೆನ್ನಿಗೇ ಇನ್ನೊಂದು ಪ್ಯಾಕೇಜಿನ ರಿಯಾಯಿತಿಯ ಸಂದೇಶವೂ ಬಂದವು. ಅಂಥ ಪ್ಯಾಕೇಜುಗಳ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ: ಬೇಕಾದ ಎಂಟು ಅಂಕೆಗಳನ್ನು ತಿಳಿಯಲು ಬೇಡದ ಐವತ್ತಕ್ಕೆ ಹಣ ಕೊಡಬೇಕಾಗುತ್ತದೆ. ವರದಿಯ ಸುದ್ದಿ ಹಬ್ಬಿದ ಸಂಜೆಯೇ ನೆಂಟರೊಬ್ಬರು ಇದು ಕಾಮಾಲೆಯೆಂದು ತೀರ್ಮಾನಿಸಿ ನೆಲನೆಲ್ಲಿಯ ಕಟ್ಟು ತಂದುಕೊಟ್ಟರು. ಅದನ್ನು ಕುಡಿಯುವ ಮೊದಲು ಕ್ಲಿನಿಕ್ಕಿಗೆ ಹೋದದ್ದು ನನ್ನ ಪುಣ್ಯ.

ಮುಂಗಡವಾಗಿ ಹೆಸರು ಬರೆಸಲು ಕರೆ ಮಾಡಿದಾಗಲೇ ಅಲ್ಲಿನ ಸಿಬ್ಬಂದಿ ಒಂದು ಮಾತು ಹೇಳಿದ್ದರು: ಕೊರೋನಾ ಬಂದಂದಿನಿಂದ ತೆಗೆದುಕೊಂಡದ್ದೆಲ್ಲವನ್ನೂ, ಮಾತ್ರೆಯ ಖಾಲಿ ಪಟ್ಟಿ, ಪುಡಿ, ಬೇರು, ಎಣ್ಣೆ ಯಾವುದನ್ನೂ ಬಿಡದೆ, ಒಂದು ಚೀಲದಲ್ಲಿ ತನ್ನಿ. ನಾನು ಇದುವರೆಗೆ ಕಂಡ ಯಾವ ಆಸ್ಪತ್ರೆಯೂ ಹೀಗೆ ಕೇಳಿರಲಿಲ್ಲ. ವೈದ್ಯರು ಹನ್ನೆರಡು ಪುಟದ ವರದಿಯನ್ನು ಬದಿಗಿಟ್ಟು ಮೊದಲು ಆ ಚೀಲವನ್ನು ಮೇಜಿನ ಮೇಲೆ ಬಿಡಿಸಿದರು. ಯಾವುದು ಎಷ್ಟು ದಿನ, ಖಾಲಿ ಹೊಟ್ಟೆಗೋ ಊಟದ ಮೇಲೋ, ಬಳ್ಳಿಯ ಕಾಂಡವೋ ಎಲೆಯೋ, ಎಷ್ಟು ನೀರಿಗೆ ಎಷ್ಟು ಹಾಕಿ ಎಷ್ಟಕ್ಕೆ ಬತ್ತಿಸಿದಿರಿ ಎಂದು ಕೇಳುತ್ತಾ ಹೋದರು. ಇಪ್ಪತ್ತು ನಿಮಿಷ ಇದಕ್ಕೇ ಹೋಯಿತು. ಆಮೇಲೆ ಮದ್ಯದ ಅಭ್ಯಾಸ ಕೇಳಿದರು, ತೂಕ ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು.

ಲಿವರಿನ ವಿಷಯದಲ್ಲಿ ಅವರು ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ. ಕೊರೋನಾ ಸೋಂಕಿನಲ್ಲಿ ಈ ಎರಡು ಕಿಣ್ವಗಳು ಸ್ವಲ್ಪ ಏರುವುದು ಸಾಮಾನ್ಯ, ಆಸ್ಪತ್ರೆ ಸೇರಿದವರಲ್ಲಂತೂ ಬಹಳ ಮಂದಿಯಲ್ಲಿ ಕಂಡದ್ದು. ಅದಕ್ಕೆ ಒಂದೇ ಕಾರಣವಿರುವುದಿಲ್ಲ. ವೈರಸ್ಸೇ ನೇರವಾಗಿ ತಾಗಬಹುದು. ಪಿತ್ತನಾಳದ ಒಳಪದರದ ಕೋಶಗಳಲ್ಲಿಯೂ ಏಸ್-2 ಇದೆ. ದೇಹದ ರೋಗನಿರೋಧಕ ವ್ಯವಸ್ಥೆ ಅತಿಯಾಗಿ ಕೆರಳಿ ಎಬ್ಬಿಸುವ ಉರಿಯೂತದಿಂದ ಆಗಬಹುದು. ಶ್ವಾಸಕೋಶ ಸೋತು ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಾಗ ಯಕೃತ್ತಿನ ಕೋಶಗಳು ಬಳಲಬಹುದು. ಎಸ್‌ಜಿಒಟಿ ಸ್ನಾಯುಗಳಲ್ಲಿಯೂ ಇರುವುದರಿಂದ ಮೈಕೈ ನೋವಿನ ಜ್ವರದಲ್ಲಿ ಅದು ಸ್ನಾಯುವಿನಿಂದಲೂ ಬರಬಹುದು. ಕೊನೆಯದಾಗಿ, ಚಿಕಿತ್ಸೆಗೆಂದು ಕೊಟ್ಟ ಔಷಧಿಗಳು: ರೆಮ್‌ಡೆಸಿವಿರ್‌ನಿಂದ ಹಿಡಿದು ಸಾಧಾರಣ ಆಂಟಿಬಯೋಟಿಕ್‌ವರೆಗೆ ಹಲವು ಔಷಧಿಗಳು ಲಿವರಿಗೆ ಹೊರೆಯಾಗಬಲ್ಲವು. ಸೌಮ್ಯವಾದ ಕೊರೋನಾದಲ್ಲಿ ವೈರಸ್ಸಿನಿಂದಲೇ ಏರಿದ ಕಿಣ್ವಗಳು ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾವಾಗಿ ಇಳಿಯುತ್ತವೆ. ಎರಡು ತಿಂಗಳ ನಂತರವೂ ಸಾಮಾನ್ಯದ ಐದು ಪಟ್ಟು ಇದ್ದರೆ ವೈರಸ್ಸಿನ ಮೇಲೆ ಹಾಕಿ ಸುಮ್ಮನಾಗಬಾರದು, ಬೇರೆ ಕಾರಣ ಹುಡುಕಬೇಕು ಎಂಬುದು ಅವರ ವಾದ.

ಪ್ಯಾರಾಸಿಟಮಾಲನ್ನು ಅವರು ಮೊದಲೇ ಹೊರಗಿಟ್ಟರು. ನಾನು ನುಂಗಿದ್ದು ದಿನಕ್ಕೆ 2.6 ಗ್ರಾಂ, ಆರೋಗ್ಯವಂತ ದೊಡ್ಡವರಿಗೆ ದಿನದ ಮಿತಿ 4 ಗ್ರಾಂ. ಅದು ಒಡೆಯುವಾಗ ಹುಟ್ಟುವ ವಿಷಾಂಶವನ್ನು ಯಕೃತ್ತಿನಲ್ಲಿರುವ ಗ್ಲುಟಥಯೋನ್ ಎಂಬ ವಸ್ತು ಶಮನ ಮಾಡುತ್ತದೆ. ಕುಡಿತದ ಅಭ್ಯಾಸವಿರುವವರಲ್ಲಿ, ದಿನಗಟ್ಟಲೆ ಅನ್ನ ಬಿಟ್ಟವರಲ್ಲಿ ಆ ದಾಸ್ತಾನು ಕಡಿಮೆಯಿರುವುದರಿಂದ ಅವರು ಆ ಮಿತಿಯ ಹತ್ತಿರಕ್ಕೂ ಹೋಗಬಾರದು. ಏನೇ ಆದರೂ ಅದನ್ನು ನಿಲ್ಲಿಸಿ ಆರು ವಾರ ಕಳೆದಿತ್ತು. ಹೆಪಟೈಟಿಸ್ ಎ, ಬಿ, ಸಿ, ಇ ಪರೀಕ್ಷೆಗಳು ನೆಗೆಟಿವ್ ಬಂದವು. ಸ್ಕ್ಯಾನಿನಲ್ಲಿ ಲಿವರಿನಲ್ಲಿ ಸ್ವಲ್ಪ ಕೊಬ್ಬು ಕಂಡಿತು, ಅದು ಕುಳಿತು ಪಾಠ ಹೇಳಿದ ಮೂವತ್ತು ವರ್ಷಗಳ ಗಳಿಕೆ. ಉಳಿದದ್ದು ಕಷಾಯ.

ಇಲ್ಲಿ ವೈದ್ಯರ ನಡೆ ನನಗೆ ಬಹಳ ಹಿಡಿಸಿತು. ನಾಟಿ ಮದ್ದೆಂದರೆ ಮೂಗು ಮುರಿಯುವ ವೈದ್ಯರನ್ನು ಕಂಡಿದ್ದೇನೆ, ಎಲೆ ಬೇರಿಗೆಲ್ಲ ಕೈಮುಗಿಯುವವರನ್ನೂ ಕಂಡಿದ್ದೇನೆ. ಇವರು ಎರಡನ್ನೂ ಮಾಡಲಿಲ್ಲ. ಕೊರೋನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಆರು ಮಂದಿಯಲ್ಲಿ ಲಿವರಿನ ಗಾಯ ಕಂಡುಬಂದುದನ್ನು ಮುಂಬೈಯ ವೈದ್ಯರು 2021ರಲ್ಲಿ ಪ್ರಕಟಿಸಿದ್ದಾರೆ. ಆಯುಷ್ ಸಚಿವಾಲಯ ಅದನ್ನು ಒಪ್ಪದೆ, ನೋಡಲು ಅದೇ ಥರದ ಬೇರೆ ಬಳ್ಳಿಯನ್ನು ಬಳಸಿರುವ ಸಾಧ್ಯತೆಯನ್ನು ಎತ್ತಿ ಹೇಳಿದೆ. ನಿಮ್ಮ ಬೇಲಿಯ ಬಳ್ಳಿ ಯಾವುದೆಂದು ನನಗೂ ಗೊತ್ತಿಲ್ಲ, ಬಹುಶಃ ನಿಮಗೂ ಗೊತ್ತಿಲ್ಲ, ಆದ್ದರಿಂದ ನಿಲ್ಲಿಸಿ ನೋಡೋಣ ಎಂದರು. ನೆಲನೆಲ್ಲಿಯನ್ನೂ ಮುಟ್ಟಬೇಡಿ, ಎರಡು ಬೆರೆತರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ ಎಂದರು. ಲಿವರ್ ಟಾನಿಕ್ ಬರೆದುಕೊಡುತ್ತಾರೆಂದು ಕಾದೆ, ಬರೆದುಕೊಡಲಿಲ್ಲ. ನಾನು ಕೈಯಲ್ಲಿ ಒಂದು ಮಾತ್ರೆಯ ಚೀಟಿಯೂ ಇಲ್ಲದೆ ಹೊರಬಂದದ್ದನ್ನು ನೋಡಿ ಹೆಂಡತಿ, ಇಷ್ಟು ದೂರ ಬಂದು ಏನೂ ಕೊಡಲಿಲ್ಲವೇ ಎಂದು ಬೇಸರಪಟ್ಟಳು. ಮೂರು ವಾರಕ್ಕೆ ಎಸ್‌ಜಿಪಿಟಿ 96ಕ್ಕೆ ಇಳಿಯಿತು, ಸೆಪ್ಟೆಂಬರ್ ಕೊನೆಗೆ 38. ಇದರಿಂದ ಕಷಾಯವೇ ಅಪರಾಧಿಯೆಂದು ಸಾಬೀತಾಯಿತೇ ಎಂದು ಕೇಳಿದೆ. ಮತ್ತೆ ಕುಡಿದು ನೋಡಿದರೆ ತಿಳಿಯಬಹುದು, ಆದರೆ ಅಂಥ ಪರೀಕ್ಷೆಯನ್ನು ನಾನು ಮಾಡಿಸುವುದಿಲ್ಲ ಎಂದು ನಕ್ಕರು.

ಹೊಟ್ಟೆಯುಬ್ಬರ ಇಷ್ಟು ಬೇಗ ಹೋಗಲಿಲ್ಲ. ಕರುಳಿನಲ್ಲಿ ವಾಸಿಸುವ ಉಪಕಾರಿ ಬ್ಯಾಕ್ಟೀರಿಯಾಗಳ ಸಮತೋಲ ಕೊರೋನಾದಲ್ಲಿ ಕೆಡುತ್ತದೆಂದೂ, ಉರಿಯೂತವನ್ನು ತಗ್ಗಿಸುವ ಕೆಲವು ಬಗೆಗಳು ಕಡಿಮೆಯಾಗುತ್ತವೆಂದೂ, ವೈರಸ್ಸಿಗೆ ತಟ್ಟದ ಆಂಟಿಬಯೋಟಿಕ್ಕುಗಳನ್ನು ನುಂಗಿದ್ದರಿಂದ ಅದು ಇನ್ನಷ್ಟು ಕೆಟ್ಟಿರಬಹುದೆಂದೂ ಹೇಳಿದರು. ಯಾವುದೇ ಕರುಳಿನ ಸೋಂಕಿನ ನಂತರ ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುವ ಸೂಕ್ಷ್ಮ ಹೊಟ್ಟೆಯ ತೊಂದರೆ ಇದು. ರಕ್ತ ಹೋಗುವುದು, ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ಭೇದಿ ಇಲ್ಲವಾದ್ದರಿಂದ ಕ್ಯಾಮೆರಾದ ಕೊಳವೆಯಿಂದ ದೊಡ್ಡಕರುಳನ್ನು ನೋಡುವ ಕೊಲೊನೋಸ್ಕೋಪಿ ಬೇಡವೆಂದರು. ಆ ಯಂತ್ರ ಅವರಲ್ಲಿಯೇ ಇದ್ದೂ ಬೇಡವೆಂದರೆಂಬುದನ್ನು ಓದುಗರು ಗಮನಿಸಬೇಕು. ನನಗೆ ಪೂರ್ತಿ ಸರಿಹೋಗಲು ಸುಮಾರು ಎಂಟು ತಿಂಗಳು ಬೇಕಾಯಿತು.

ಇನ್ನು ದೂರುಗಳು. ಮೊದಲನೆಯದು ಭಾಷೆ. ವೈದ್ಯರು ಮಲಯಾಳಿಗಳು, ಕನ್ನಡ ತಿಳಿಯದು. ನನಗೆ ಪೇಟೆಯ ಮಲಯಾಳ ಬರುತ್ತದೆ, ಹೊಟ್ಟೆಯ ಮಲಯಾಳ ಬರುವುದಿಲ್ಲ. ಮೊದಲ ಸಲ ಅವರು ‘ದಹನಕ್ಕೇಡ್’ ಉಂಟೋ ಎಂದು ಕೇಳಿದಾಗ, ದಹನವೆಂದರೆ ಉರಿಯೆಂದು ತಿಳಿದು, ಉರಿಯೇನೂ ಇಲ್ಲವೆಂದು ತಲೆಯಾಡಿಸಿದೆ. ಅವರ ಭಾಷೆಯಲ್ಲಿ ಅದು ಅಜೀರ್ಣ. ನಾನು ಹೋದದ್ದೇ ಅದಕ್ಕಾಗಿ! ಕುಂಬಳೆಯ ಕಡೆಯ ನರ್ಸ್ ಒಬ್ಬರು ಪಕ್ಕದಲ್ಲಿದ್ದು ತಿದ್ದದಿದ್ದರೆ ಚೀಟಿಯಲ್ಲಿ ಅಜೀರ್ಣವಿಲ್ಲವೆಂದೇ ದಾಖಲಾಗುತ್ತಿತ್ತು. ಹುಳಿತೇಗು, ಹೊಟ್ಟೆ ತೊಳಸುವುದು, ಹೊಟ್ಟೆ ಹಿಡಿದುಕೊಳ್ಳುವುದು ಎಂಬ ಮೂರು ಬೇರೆ ಬೇರೆ ಸಂಕಟಗಳನ್ನು ಆ ನರ್ಸ್ ಬಿಡಿಸಿ ಹೇಳಿದ ರೀತಿಗೆ ನಾನು ಋಣಿ. ಆದರೆ ಅವರು ಎಲ್ಲಾ ದಿನ ಇರುವುದಿಲ್ಲ, ಗೋಡೆಯ ಮೇಲಿನ ಸೂಚನೆಗಳಲ್ಲಿ ಒಂದೂ ಕನ್ನಡದಲ್ಲಿಲ್ಲ. ಬರುವ ರೋಗಿಗಳಲ್ಲಿ ಬದಿಯಡ್ಕ, ಮುಳ್ಳೇರಿಯಾ, ಪೆರ್ಲದ ಕನ್ನಡಿಗರು ಎಷ್ಟು ಮಂದಿಯೆಂದು ಎಣಿಸಿದರೆ ಸಾಕು, ಕನ್ನಡ ಏಕೆ ಬೇಕೆಂದು ತಿಳಿಯುತ್ತದೆ.

ಎರಡನೆಯದು ಪಥ್ಯದ ಹಾಳೆ. ವೈದ್ಯರ ಕೋಣೆಯಿಂದ ಹೊರಬಂದ ಮೇಲೆ ಆಹಾರ ಸಲಹೆಗೆಂದು ಪ್ರತ್ಯೇಕ ಹಣ ಕಟ್ಟಿಸಿಕೊಂಡು ಕೊಟ್ಟ ಆ ಅಚ್ಚಿನ ಹಾಳೆಯಲ್ಲಿ ಓಟ್ಸ್, ಗ್ರೀಕ್ ಮೊಸರು, ಬೆಣ್ಣೆಹಣ್ಣು, ಬಾದಾಮಿ ಹಾಲು ಇದ್ದವು. ಕುಚ್ಚಿಲಕ್ಕಿಯ ಗಂಜಿ, ಅದರ ತೆಳಿ, ಮಜ್ಜಿಗೆ, ಒಂದೆಲಗದ ತಂಬುಳಿ, ಬಾಳೆಕಾಯಿಯ ಪಲ್ಯ ಯಾವುದೂ ಇರಲಿಲ್ಲ. ಸಲಹೆ ಕೊಟ್ಟ ಹುಡುಗಿ ಒಳ್ಳೆಯವಳು, ಬೇರೆ ಜಿಲ್ಲೆಯವಳು, ತಂಬುಳಿ ಎಂದರೇನೆಂದು ಕೇಳಿದಳು. ಗಂಜಿಗೆ ಉಪ್ಪು ಹಾಕಿ ಕುಡಿಯಬಹುದೇ ಎಂದು ನಾನು ವೈದ್ಯರನ್ನೇ ಮತ್ತೆ ಹೋಗಿ ಕೇಳಬೇಕಾಯಿತು, ಧಾರಾಳವಾಗಿ ಎಂದರು. ಭೇದಿಯ ದಿನಗಳಲ್ಲಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕರಗಿಸಿ ಕುಡಿಯುವ ಲೆಕ್ಕವನ್ನೂ ಅವರೇ ಹೇಳಿದರು. ಹಾಳೆಯಲ್ಲಿ ಅದೂ ಇಲ್ಲ.

ಮೂರನೆಯದನ್ನು ಬರೆಯಲು ಸಂಕೋಚವಿದ್ದರೂ ಬರೆಯಲೇಬೇಕು. ಹೊಟ್ಟೆಯ ಕಾಯಿಲೆಯವರೇ ಬರುವ ಜಾಗದಲ್ಲಿ ಮೂವತ್ತು ಮಂದಿ ಕಾಯುವ ಕೋಣೆಗೆ ಒಂದೇ ಶೌಚಾಲಯ. ಹತ್ತು ಗಂಟೆಗೆ ಕೊಟ್ಟ ಸಮಯ ಹನ್ನೆರಡಕ್ಕೆ ಬರುತ್ತದೆ. ಒಬ್ಬೊಬ್ಬರ ಚೀಲ ಬಿಡಿಸಿ ನೋಡುವುದರ ಇನ್ನೊಂದು ಮುಖ ಇದೆಂದು ಕ್ಷಮಿಸಬಹುದು, ಆದರೆ ಶೌಚಾಲಯದ ಮುಂದಿನ ಸಾಲನ್ನು ಕ್ಷಮಿಸಲು ಕಷ್ಟ.

ಭಾವನವರ ವಿಷಯದಲ್ಲಿ ಈ ಕ್ಲಿನಿಕ್ಕಿನ ಇನ್ನೊಂದು ಗುಣ ಕಂಡಿತು, ತನ್ನಿಂದ ಆಗದ್ದನ್ನು ತಡಮಾಡದೆ ಹೇಳುವುದು. ಭಾವನವರು ಸಕ್ಕರೆ ಕಾಯಿಲೆಯವರು. ಅದೇ ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಮೂರು ವಾರ ವೆಂಟಿಲೇಟರಿನಲ್ಲಿದ್ದು ಬದುಕಿ ಬಂದವರು. ಸೆಪ್ಟೆಂಬರಿನಲ್ಲಿ ಅವರಿಗೆ ಮೈಯೆಲ್ಲ ತುರಿಕೆ ಹತ್ತಿತು, ಕಣ್ಣು ಹಳದಿಯಾಯಿತು. ತುರಿಕೆಗೆ ಚರ್ಮದ ಮುಲಾಮು ಹಚ್ಚುತ್ತ ಒಂದು ತಿಂಗಳು ಕಳೆದ ಮೇಲೆ ನಾನು ಒತ್ತಾಯದಿಂದ ಕರೆತಂದೆ. ಅವರ ರಕ್ತದಲ್ಲಿ ಎಸ್‌ಜಿಪಿಟಿಗಿಂತ ಆಲ್ಕಲೈನ್ ಫಾಸ್ಫಟೇಸ್ ವಿಪರೀತ ಏರಿತ್ತು. ಅದು ಪಿತ್ತ ಹರಿಯುವ ದಾರಿಯ ತೊಂದರೆಯ ಗುರುತು. ಸ್ಕ್ಯಾನಿನಲ್ಲಿ ಕಲ್ಲು ಕಾಣಲಿಲ್ಲ. ತೀವ್ರ ಕೊರೋನಾದಿಂದ, ಅದರಲ್ಲೂ ದೀರ್ಘಕಾಲ ಐಸಿಯುವಿನಲ್ಲಿದ್ದು ಬದುಕಿದ ಕೆಲವರಲ್ಲಿ ತಿಂಗಳುಗಳ ನಂತರ ಪಿತ್ತನಾಳಗಳು ಗಾಯಗೊಂಡು ಕಿರಿದಾಗುವುದುಂಟು; ಯಕೃತ್ತಿನ ಕೋಶಗಳಿಗೆ ಎರಡು ರಕ್ತನಾಳಗಳಿಂದ ರಕ್ತ ಬಂದರೆ ಪಿತ್ತನಾಳಗಳು ಅಪಧಮನಿ ಒಂದನ್ನೇ ನಂಬಿವೆ, ಆದ್ದರಿಂದ ಆಮ್ಲಜನಕದ ಕೊರತೆ ಅವುಗಳಿಗೆ ಬೇಗ ತಟ್ಟುತ್ತದೆ ಎಂದು ವೈದ್ಯರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಇದಕ್ಕೆ ಬೇಕಾದ ಎಂಆರ್‌ಸಿಪಿ, ಎಂದರೆ ಪಿತ್ತನಾಳಗಳ ಎಂಆರ್‌ಐ ಸ್ಕ್ಯಾನ್, ಇಲ್ಲಿಲ್ಲ, ಇಂದೇ ಹೊರಡಿ ಎಂದು ಪತ್ರ ಕೊಟ್ಟು, ಮಂಗಳೂರಿನ ತಜ್ಞರಿಗೆ ತಾವೇ ಫೋನು ಮಾಡಿದರು. ಅವರ ಅನುಮಾನ ನಿಜವಾಯಿತು. ಭಾವನವರು ಈಗಲೂ ಮಾತ್ರೆಯಲ್ಲಿದ್ದಾರೆ. ಕೆಲವರಿಗೆ ಲಿವರ್ ಕಸಿಯವರೆಗೆ ಹೋಗುವ ಈ ಕಾಯಿಲೆಯಲ್ಲಿ ಅವರದು ಸದ್ಯಕ್ಕೆ ಅಲ್ಲಿಗೆ ತಲುಪಿಲ್ಲ. ಆ ದಿನ ಸಮಾಲೋಚನೆಯ ಶುಲ್ಕ ಕೊಡಲು ಹೋದರೆ, ನಾವು ಚಿಕಿತ್ಸೆ ಮಾಡಲಿಲ್ಲವಲ್ಲ ಎಂದು ಸ್ಕ್ಯಾನಿನ ಹಣವನ್ನಷ್ಟೇ ತೆಗೆದುಕೊಂಡರು.

ಹೆಂಡತಿಯ ಭೇಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವಳಿಗೆ ಇದ್ದದ್ದು ಮಾಮೂಲಿ ಆಮ್ಲಪಿತ್ತ, ಕೊರೋನಾಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಐದು ನಿಮಿಷದಲ್ಲಿ ಕಳುಹಿಸಿದರು.

ಹೋಗುವವರಿಗೆ ಕೆಲವು ಮಾಹಿತಿ. ಸಮಾಲೋಚನೆಗೆ ನಾನು ಮೊದಲು ಕೊಟ್ಟದ್ದು 400 ರೂಪಾಯಿ, ಈಗ 500 ಆಗಿದೆ. ಎರಡು ವಾರದೊಳಗೆ ಮತ್ತೆ ಹೋದರೆ ಶುಲ್ಕವಿಲ್ಲ. ಹೊರಗಿನ ಪ್ರಯೋಗಾಲಯದ ವರದಿಯನ್ನು ಒಪ್ಪುತ್ತಾರೆ, ಎಲ್ಲವನ್ನೂ ತಮ್ಮಲ್ಲೇ ಮತ್ತೆ ಮಾಡಿಸಬೇಕೆಂಬ ಹಟವಿಲ್ಲ. ಆಹಾರ ಸಲಹೆ ಕಡ್ಡಾಯವಲ್ಲ, ಬೇಡವೆಂದರೆ ಬಿಡುತ್ತಾರೆ. ಹೆದ್ದಾರಿ ಅಗಲ ಮಾಡುವ ಕೆಲಸದಿಂದಾಗಿ ವಾಹನ ನಿಲ್ಲಿಸುವ ಜಾಗ ತೀರಾ ಕಡಿಮೆಯಾಗಿದೆ, ಬಸ್ಸಿನಲ್ಲಿ ಹೋಗುವುದೇ ಲೇಸು. ಕುಂಬಳೆಯ ನರ್ಸ್ ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ ಇರುತ್ತಾರೆ. ಚೀಲವನ್ನು ಮರೆಯಬೇಡಿ, ಕಳೆದ ಸಲ ನಾನು ಕಾಯುತ್ತಿದ್ದಾಗ ಒಬ್ಬರು ಬರಿಗೈಯಲ್ಲಿ ಬಂದಿದ್ದರು, ಅವರನ್ನು ಮನೆಗೆ ಕಳುಹಿಸಿ ತರಿಸಿಯೇ ನೋಡಿದರು.